350 ಶೆವಿಗೆ ಯಾವ ಹೈಡ್ರಾಲಿಕ್ ಲಿಫ್ಟರ್? ಫ್ಲ್ಯಾಟ್ ಸಾಕಾ, ರೋಲರ್‌ಗೇ ಹೋಗಬೇಕಾ?

ಶೆವೆಲ್72

ಎಲ್ಲರಿಗೂ ನಮಸ್ಕಾರ. ಡೆಟ್ರಾಯ್ಟ್ ಪಕ್ಕದಲ್ಲಿದ್ದೇನೆ. 1972ರ ಶೆವರ್ಲೆ ಶೆವೆಲ್ ಕಾರ್ ಇದೆ, 350 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಟರ್ಬೊ 350 ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಟೂ ಬ್ಯಾರೆಲ್ ಕಾರ್ಬ್ಯುರೇಟರ್ ಜೊತೆ ಕಂಪನಿಯವರು ಕೊಟ್ಟಿದ್ದು 165 ಹಾರ್ಸ್‌ಪವರ್. ಬ್ಲಾಕ್ ಹಿಂದೆ 3970010 ಅಂತ ಎರಕದ ನಂಬರ್ ಇದೆ. ಮುಂದಿನ ಪ್ಯಾಡ್ ಮೇಲಿನ ಕೋಡ್ ‘ವಿ’ಯಿಂದ ಶುರುವಾಗುತ್ತದೆ, ಅಂದರೆ ಇಲ್ಲೇ ಫ್ಲಿಂಟ್‌ನಲ್ಲಿ ಕಟ್ಟಿದ ಎಂಜಿನ್. ಅದಕ್ಕೇ ಬೇರೆ ಎಂಜಿನ್ ತಂದು ಕೂರಿಸುವ ಮನಸ್ಸಿಲ್ಲ, ಇದನ್ನೇ ಸರಿ ಮಾಡಬೇಕು.

ಈಗ ಪೂರ್ತಿ ಬಿಚ್ಚಿದೆ. ವಾಲ್ವ್ ತೆರೆಸುವ ಹಳೇ ಕ್ಯಾಮ್ ಶಾಫ್ಟ್‌ನಲ್ಲಿ ಒಂದು ಎಕ್ಸಾಸ್ಟ್ ಲೋಬ್ (ಉಬ್ಬು) ಸವೆದು ಮೊಂಡಾಗಿದೆ, ಅದರ ಮೇಲೆ ಕೂತು ವಾಲ್ವ್ ಕಡೆಗೆ ಒತ್ತುವ ಲಿಫ್ಟರ್‌ನ ತಳ ಒಳಕ್ಕೆ ಗುಂಡಿ ಬಿದ್ದಿದೆ. ಬ್ಲಾಕ್ ಮಷೀನ್ ಶಾಪ್‌ನಿಂದ ಕ್ಲೀನ್ ಆಗಿ ಬಂದಿದೆ, ಬೇರಿಂಗ್ ಎಲ್ಲ ಹೊಸದು. ಹೆಡ್‌ಗಳು ಹಳೆಯವೇ, ವಾಲ್ವ್ ಗ್ರೈಂಡ್ ಮಾಡಿಸಿದ್ದೇನೆ, ಅಷ್ಟೇ.

ಗಾಡಿ ಓಡೋದು ರಸ್ತೆ ಮೇಲೆ ಮಾತ್ರ. ವಾರಾಂತ್ಯದ ಸುತ್ತಾಟ, ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಡ್ರೀಮ್ ಕ್ರೂಸ್, ಬೇಸಿಗೆಯಲ್ಲಿ ಒಮ್ಮೆ ಹೈವೇ ಹಿಡಿದು ಮ್ಯಾಕಿನಾ ಸೇತುವೆ ತನಕ. 5500 ಆರ್‌ಪಿಎಂ ದಾಟಿಸುವ ಉದ್ದೇಶ ಇಲ್ಲ. ಆದರೆ ಕಾಲಿಟ್ಟರೆ ಗಾಡಿ ಎದ್ದು ಓಡಬೇಕು, ಈಗಿನ ಹಾಗೆ ಯೋಚನೆ ಮಾಡ್ತಾ ಇರಬಾರದು. ಪವರ್ ಬ್ರೇಕ್ ಇದೆ, ಹಾಗಾಗಿ ಐಡಲ್‌ನಲ್ಲಿ ವ್ಯಾಕ್ಯೂಮ್ ಕೂಡ ಬೇಕು. ಕಂಪ್ರೆಷನ್ 8.5 ಆಸುಪಾಸು.

ನೋಡಿಟ್ಟಿರೋ ಕ್ಯಾಮ್: ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ) 0.050 ಇಂಚಿನಲ್ಲಿ 218 ಡಿಗ್ರಿ, ವಾಲ್ವ್ ಎತ್ತುವ ಲಿಫ್ಟ್ 0.454 ಇಂಚು, ಲೋಬ್ ಸೆಪರೇಷನ್ 110 ಡಿಗ್ರಿ. ಫೋರ್ ಬ್ಯಾರೆಲ್ ಕಾರ್ಬ್ಯುರೇಟರ್, ಅದಕ್ಕೆ ಹೊಂದುವ ಇನ್‌ಟೇಕ್ ತಂದಾಗಿದೆ.

ತಲೆ ಕೆಡ್ತಿರೋದು ಲಿಫ್ಟರ್ ವಿಷಯಕ್ಕೆ. ಮಾಮೂಲಿ ಹೈಡ್ರಾಲಿಕ್ ಫ್ಲ್ಯಾಟ್ ಟ್ಯಾಪೆಟ್ (ಟ್ಯಾಪೆಟ್ ಅಂದರೂ ಲಿಫ್ಟರ್ರೇ) ಇದೆ, ‘ಆ್ಯಂಟಿ ಪಂಪ್-ಅಪ್’ ಅಂತ ಬರೆದಿರೋದು ಸ್ವಲ್ಪ ಜಾಸ್ತಿ ದುಡ್ಡಿಗೆ ಇದೆ, ಹಳೇ ಬ್ಲಾಕ್‌ಗೆ ಅಂತಲೇ ಬರುವ ಹೈಡ್ರಾಲಿಕ್ ರೋಲರ್ ಇದೆ. ಒಬ್ಬರು ಫ್ಲ್ಯಾಟ್ ಹಾಕಿದರೆ ಮೊದಲ ಅರ್ಧ ಗಂಟೆಯಲ್ಲೇ ಕ್ಯಾಮ್ ಹೋಗುತ್ತೆ ಅಂತಾರೆ, ಇನ್ನೊಬ್ಬರು ಐವತ್ತು ವರ್ಷದಿಂದ ಎಲ್ಲರೂ ಹಾಕಿದ್ದು ಅದನ್ನೇ ಅಂತಾರೆ. ಗೊತ್ತಿರೋರು ಬಿಡಿಸಿ ಹೇಳಿ. ಯಾವುದು ಹಾಕಿದರೂ ಯಾಕೆ ಅಂತ ತಿಳಿದು ಹಾಕಬೇಕು ಅಂತ ಆಸೆ.

ಲೇತ್‌ಮನೆ

ಬ್ಲಾಕ್ ನಂಬರ್ ಮೊದಲೇ ಕೊಟ್ಟಿದ್ದು ಒಳ್ಳೇದಾಯ್ತು ಸರ್, ಲಿಫ್ಟರ್ ಮಾತು ಅಲ್ಲಿಂದಲೇ ಶುರುವಾಗಬೇಕು. ನಾನು ಒಹಾಯೊದಲ್ಲಿ ಮಷೀನ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ, ದಿನಾ ನೋಡೋದು ಇದನ್ನೇ.

ನಿಮ್ಮದು ಫ್ಲ್ಯಾಟ್ ಟ್ಯಾಪೆಟ್‌ಗಾಗಿಯೇ ಮಾಡಿದ ಬ್ಲಾಕ್. ನಿಮ್ಮ 350 ಸೇರುವ ಸ್ಮಾಲ್ ಬ್ಲಾಕ್ ಶೆವಿಗೆ ಕಂಪನಿ ರೋಲರ್ ಬಂದಿದ್ದು 1987ರಲ್ಲಿ. ಆ ಬ್ಲಾಕ್‌ಗಳಲ್ಲಿ ಲಿಫ್ಟರ್ ತಿರುಗದ ಹಾಗೆ ಹಿಡಿಯುವ ಪಟ್ಟಿಗಳು, ಅವನ್ನು ಒತ್ತಿ ಕೂರಿಸೋ ತಗಡು, ಅದಕ್ಕೆ ಬೋಲ್ಟ್ ಜಾಗ ಎಲ್ಲ ಇರುತ್ತದೆ. ನಿಮ್ಮದರಲ್ಲಿ ಅದ್ಯಾವುದೂ ಇಲ್ಲ. ಹಾಗಾಗಿ ನಿಮಗೆ ಎರಡೇ ದಾರಿ. ಫ್ಲ್ಯಾಟ್ ಹಾಕೋದು, ಇಲ್ಲವೇ ಎರಡೆರಡು ಲಿಫ್ಟರ್‌ಗೆ ಒಂದು ಅಡ್ಡಪಟ್ಟಿ ಸೇರಿಸಿರೋ ರೆಟ್ರೊಫಿಟ್ ರೋಲರ್ ಹಾಕೋದು.

ಮೊದಲು ಫ್ಲ್ಯಾಟ್ ಹೇಗೆ ಕೆಲಸ ಮಾಡುತ್ತೆ ನೋಡಿ. ಹೆಸರು ಫ್ಲ್ಯಾಟ್ ಅಂತಿದ್ದರೂ ಅದರ ತಳ ಸಪಾಟಾಗಿಲ್ಲ. ನಡುವೆ ಒಂದೆರಡು ಥೌ, ಅಂದರೆ ಇಂಚಿನ ಸಾವಿರದ ಒಂದೆರಡು ಭಾಗದಷ್ಟು, ಉಬ್ಬು ಇರುತ್ತದೆ. ಕ್ಯಾಮ್ ಲೋಬ್ ಕೂಡ ಒಂದು ಅಂಚಿಗೆ ಸ್ವಲ್ಪ ಇಳಿಜಾರು. ಜೊತೆಗೆ ಲೋಬ್ ಲಿಫ್ಟರ್‌ನ ನಟ್ಟನಡುವೆ ಬರಲ್ಲ, ಸ್ವಲ್ಪ ಪಕ್ಕಕ್ಕೆ ಇರುತ್ತದೆ. ಈ ಮೂರೂ ಸೇರಿ ಲಿಫ್ಟರ್ ಮೇಲೆ ಕೆಳಗೆ ಆಡುವಾಗಲೇ ತನ್ನ ಸುತ್ತ ನಿಧಾನಕ್ಕೆ ತಿರುಗುತ್ತದೆ. ತಿರುಗಿದರೆ ಪ್ರತಿ ಸಲ ಹೊಸ ಜಾಗದ ಮೇಲೆ ಒತ್ತಡ ಬೀಳುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ತಿರುಗದೇ ಒಂದೇ ಜಾಗ ಉಜ್ಜಿಸಿಕೊಂಡರೆ ನಿಮ್ಮ ಆ ಎಕ್ಸಾಸ್ಟ್ ಲೋಬ್‌ಗೆ ಆದದ್ದೇ ಆಗುತ್ತದೆ. ಗುಂಡಿ ಬಿದ್ದ ಲಿಫ್ಟರ್ ಅಂದರೆ ತಿರುಗೋದು ನಿಲ್ಲಿಸಿದ ಲಿಫ್ಟರ್.

ಹಾಗಾಗಿ ಫ್ಲ್ಯಾಟ್ ತಗೊಳ್ಳುವಾಗ ಡಬ್ಬದ ಮೇಲಿನ ಹೆಸರು ನೋಡಿ ಸುಮ್ಮನಾಗಬೇಡಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ. ಎರಡು ಲಿಫ್ಟರ್‌ಗಳ ತಳಕ್ಕೆ ತಳ ಸೇರಿಸಿ ಹಿಡಿದರೆ ಸಣ್ಣಗೆ ಅಲುಗಾಡಬೇಕು. ಒಳ್ಳೇ ಸ್ಟ್ರೇಟ್ ಎಡ್ಜ್ ತಳದ ಮೇಲಿಟ್ಟು ಬೆಳಕಿಗೆ ಹಿಡಿದರೆ ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣಬೇಕು. ನಡುವೆ ಬೆಳಕು ಕಂಡರೆ, ಅಥವಾ ಎಲ್ಲೂ ಕಾಣದಿದ್ದರೆ, ಆ ಲಿಫ್ಟರ್ ವಾಪಸ್ ಕಳಿಸಿ. ಇದು ಈಗ ಮೊದಲಿಗಿಂತ ಮುಖ್ಯ, ಯಾಕೆಂದರೆ ಹೊಸ ಕಾರಲ್ಲಿ ಫ್ಲ್ಯಾಟ್ ಟ್ಯಾಪೆಟ್ ನಿಂತು ಎಷ್ಟೋ ಕಾಲ ಆಯ್ತು. ಮಾಡೋರು ಕಮ್ಮಿ, ಬರುವ ಮಾಲಿನ ಗುಣಮಟ್ಟದಲ್ಲಿ ಏರುಪೇರು ಜಾಸ್ತಿ.

ಆಮೇಲೆ ಬೋರ್. ಶೆವಿ ಲಿಫ್ಟರ್ 0.842 ಇಂಚು. ಪ್ರತಿ ಬೋರ್‌ಗೂ ಎಣ್ಣೆ ಸವರಿ ಲಿಫ್ಟರ್ ಬಿಡಿ, ತನ್ನ ತೂಕಕ್ಕೇ ಇಳಿಯಬೇಕು, ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಹಳೇ ಲಿಫ್ಟರ್ ಗುಂಡಿ ಬಿದ್ದ ಬೋರ್‌ನಲ್ಲಿ ಅಂಚಿಗೆ ಮುಳ್ಳು ಎದ್ದಿರೋದು ಸಾಮಾನ್ಯ, ಅದನ್ನೊಂದು ವಿಶೇಷವಾಗಿ ನೋಡಿ. ಸಣ್ಣ ಬಾಲ್ ಹೋನ್‌ನಿಂದ ಹಗುರವಾಗಿ ಎರಡು ಸುತ್ತು ಸಾಕು. ಜಾಸ್ತಿ ಉಜ್ಜಿದರೆ ಬೋರ್ ಸಡಿಲವಾಗಿ ಎಣ್ಣೆ ಒತ್ತಡ ಇಳಿಯುತ್ತದೆ.

ಹೊಸ ಕ್ಯಾಮ್‌ಗೆ ಹೊಸ ಫ್ಲ್ಯಾಟ್ ಲಿಫ್ಟರ್ ಮಾತ್ರ. ಓಡಿದ ಲಿಫ್ಟರ್ ಅದೇ ಲೋಬ್ ಮೇಲೆ ವಾಪಸ್ ಕೂರಬಹುದು, ಬೇರೆ ಲೋಬ್‌ಗೆ ಹೋಗಬಾರದು. ಕ್ಯಾಮ್ ಮಾಡಿದವರ ಹತ್ತಿರವೇ ಲಿಫ್ಟರ್ ಸೆಟ್ ಕೂಡ ತಗೊಳ್ಳಿ. ಆಗ ನಾಳೆ ಏನಾದರೂ ಆದರೆ ಒಬ್ಬರನ್ನೇ ಕೇಳಬಹುದು.

ಸ್ಟಾರ್ಟ್ ಮಾಡೋ ದಿನ: ಲೋಬ್‌ಗೂ ಲಿಫ್ಟರ್ ತಳಕ್ಕೂ ಕ್ಯಾಮ್ ಜೊತೆ ಬರುವ ಮಾಲಿಬ್ಡಿನಮ್ ಪೇಸ್ಟ್ ಹಚ್ಚಿ. ಡಿಸ್ಟ್ರಿಬ್ಯೂಟರ್ ಹಾಕುವ ಮೊದಲು ಡ್ರಿಲ್‌ನಿಂದ ಎಣ್ಣೆ ಪಂಪ್ ತಿರುಗಿಸಿ ವಾಲ್ವ್ ಒತ್ತುವ ಹದಿನಾರೂ ರಾಕರ್‌ಗೆ ಎಣ್ಣೆ ಬರುವ ತನಕ ಬಿಡಬೇಡಿ. ಟೈಮಿಂಗ್ ಕೂರಿಸಿ, ಕಾರ್ಬ್ಯುರೇಟರ್ ಬೌಲ್‌ಗೆ ಪೆಟ್ರೋಲ್ ತುಂಬಿ, ಕೂಡಲೇ ಹತ್ತಿಕೊಳ್ಳಬೇಕು. ಸ್ಟಾರ್ಟರ್ ಹೊಡೆದೂ ಹೊಡೆದೂ ಪೇಸ್ಟ್ ಒರೆಸಿ ಹಾಕಬೇಡಿ. ಹತ್ತಿದ ತಕ್ಷಣ 2000ದಿಂದ 2500ಕ್ಕೆ ಏರಿಸಿ, ಇಪ್ಪತ್ತರಿಂದ ಮೂವತ್ತು ನಿಮಿಷ ಅಲ್ಲೇ ಸ್ವಲ್ಪ ಮೇಲೆ ಕೆಳಗೆ ಆಡಿಸ್ತಾ ಇರಿ, ಐಡಲ್‌ಗೆ ಇಳಿಸಬೇಡಿ. ಯಾಕೆಂದರೆ ಈ ಎಂಜಿನ್‌ನಲ್ಲಿ ಲೋಬ್‌ಗೆ ಎಣ್ಣೆ ಬೀಳೋದು ಮುಖ್ಯವಾಗಿ ಕ್ರ್ಯಾಂಕ್ ಎರಚುವುದರಿಂದ. ಐಡಲ್‌ನಲ್ಲಿ ಅದು ಸಾಲಲ್ಲ.

ಟೆಕ್ಸಸ್‌ಗಾಡಿ

ಲೇತ್‌ಮನೆ ಸರ್ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಅಷ್ಟೆಲ್ಲ ಎಚ್ಚರಿಕೆ ಬೇಕಾಗಿರೋದೇ ಫ್ಲ್ಯಾಟ್ ಬಿಡೋಕೆ ಕಾರಣ ಅಂತ ನನ್ನ ಅನಿಸಿಕೆ.

ಎಣ್ಣೆ ವಿಷಯ ನೋಡಿ. ಫ್ಲ್ಯಾಟ್ ಲಿಫ್ಟರ್ ಉಳಿಸೋದು ಎಣ್ಣೆಯಲ್ಲಿರೋ ಜಿಂಕ್, ಫಾಸ್ಫರಸ್. ಇವು ಕ್ಯಾಟಲಿಟಿಕ್ ಕನ್ವರ್ಟರ್ ಹಾಳು ಮಾಡುತ್ತವೆ ಅಂತ ಕಮ್ಮಿ ಮಾಡ್ತಾ ಬಂದರು. 2004ರಲ್ಲಿ ಎಪಿಐ ಎಸ್‌ಎಂ ಅನ್ನೋ ಎಣ್ಣೆ ದರ್ಜೆ ಬಂದಾಗ 5ಡಬ್ಲ್ಯು-30, 10ಡಬ್ಲ್ಯು-30 ತರಹದ ಎಣ್ಣೆಗಳಲ್ಲಿ ಫಾಸ್ಫರಸ್ 0.08 ಶೇಕಡಾ ದಾಟಬಾರದು ಅಂತ ಮಿತಿ ಹಾಕಿದರು. ಈಗ ಅಂಗಡಿಯಲ್ಲಿ ಕೈಗೆ ಸಿಗೋ ಡಬ್ಬ ಬಹುತೇಕ ಅದೇ. ಡಬ್ಬದ ಮುಂಭಾಗದಲ್ಲಿ ಸ್ಟಾರ್‌ಬರ್ಸ್ಟ್ (ನಕ್ಷತ್ರದಂಥ) ಗುರುತು ಇದ್ದರೆ ಅದು ನಿಮ್ಮ ಫ್ಲ್ಯಾಟ್ ಕ್ಯಾಮ್‌ಗೆ ಅಲ್ಲ ಅಂತ ತಿಳ್ಕೊಳ್ಳಿ. ಊರಿಂದ ಊರಿಗೆ ಹೋಗುವಾಗ ನಡುದಾರಿಯಲ್ಲಿ ಎಣ್ಣೆ ಬೇಕಾದರೆ ಏನು ಸಿಗುತ್ತೋ ಅದೇ ಹಾಕಬೇಕಲ್ವಾ. ರೋಲರ್‌ಗೆ ಈ ಚಿಂತೆ ಇಲ್ಲ, ಉಜ್ಜೋ ಜಾಗದಲ್ಲಿ ಉರುಳುವ ಚಕ್ರ ಇರುತ್ತದೆ.

ಶಕ್ತಿ ವಿಷಯವೂ ಇದೆ. ಫ್ಲ್ಯಾಟ್ ಲಿಫ್ಟರ್ ಎಷ್ಟು ವೇಗವಾಗಿ ಏರಬಹುದು ಅನ್ನೋದನ್ನು ಅದರ ವ್ಯಾಸ ಕಟ್ಟಿಹಾಕುತ್ತದೆ. ಲೋಬ್ ತುಂಬಾ ಕಡಿದಾಗಿದ್ದರೆ ಅದರ ತುದಿ ಲಿಫ್ಟರ್‌ನ ಅಂಚನ್ನೇ ಅಗೆಯುತ್ತದೆ. ಫೋರ್ಡ್‌ನಲ್ಲಿ ವ್ಯಾಸ 0.875, ಕ್ರೈಸ್ಲರ್‌ನಲ್ಲಿ 0.904. ಶೆವಿ 0.842, ಮೂರರಲ್ಲಿ ಚಿಕ್ಕದು ಇದೇ. ರೋಲರ್‌ಗೆ ಆ ಅಡ್ಡಿ ಇಲ್ಲ, ಹಾಗಾಗಿ ಅಷ್ಟೇ ಡ್ಯುರೇಷನ್‌ನಲ್ಲಿ ವಾಲ್ವನ್ನು ಜಾಸ್ತಿ ಎತ್ತಬಹುದು, ಜಾಸ್ತಿ ಹೊತ್ತು ತೆರೆದಿಡಬಹುದು. ನೀವು ಹೇಳಿದ ಫ್ಲ್ಯಾಟ್ ಕ್ಯಾಮ್ 218 ಡಿಗ್ರಿಗೆ 0.454 ಎತ್ತುತ್ತದೆ. ಜಿಎಂನ ಎಲ್‌ಟಿ4 ಹಾಟ್ ಕ್ಯಾಮ್ ರೋಲರ್, ಇನ್‌ಟೇಕ್‌ನಲ್ಲಿ ಅದೇ 218 ಡಿಗ್ರಿ, 1.5 ರಾಕರ್‌ಗೆ 0.492. ಆ ಕ್ಯಾಮ್ ನೇರವಾಗಿ ನಿಮ್ಮ ಬ್ಲಾಕ್‌ಗೆ ಆಗಲ್ಲ, ವ್ಯತ್ಯಾಸ ತೋರಿಸೋಕೆ ಹೇಳಿದೆ. ನಿಮಗೆ ಬೇಕಾದ ವ್ಯಾಕ್ಯೂಮ್ ಉಳಿಸಿಕೊಂಡು ಬಲ ತೆಗೆಯೋದು ರೋಲರ್‌ನಲ್ಲಿ ಸುಲಭ.

ಮೊದಲ ಅರ್ಧ ಗಂಟೆ ಓಡಿಸಿ ಪಳಗಿಸೋ ಬ್ರೇಕ್-ಇನ್ ಗೋಳೂ ಇಲ್ಲ. ನಾಳೆ ಬೇರೆ ಕ್ಯಾಮ್ ಹಾಕಬೇಕು ಅನಿಸಿದರೆ ರೋಲರ್ ಲಿಫ್ಟರ್ ಚೆನ್ನಾಗಿದ್ದರೆ ಅದನ್ನೇ ಮತ್ತೆ ಹಾಕಬಹುದು.

ಖರ್ಚು ಮಾತ್ರ ಲಿಫ್ಟರ್‌ಗೆ ನಿಲ್ಲಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲಿಫ್ಟರ್‌ನಿಂದ ರಾಕರ್‌ಗೆ ಹೋಗುವ ಕಡ್ಡಿ, ಅಂದರೆ ಪುಶ್‌ರಾಡ್, ಚಿಕ್ಕದು ಬೇಕು, ನಿಮ್ಮದು ಸುಮಾರು 7.8 ಇಂಚು, ರೆಟ್ರೊಫಿಟ್ ರೋಲರ್‌ಗೆ ಸುಮಾರು 7.3, ಅದನ್ನೂ ಅಳೆದೇ ತರಬೇಕು. ಫ್ಲ್ಯಾಟ್ ಕ್ಯಾಮನ್ನು ಆ ಲೋಬ್ ಇಳಿಜಾರೇ ಹಿಂದಕ್ಕೆ ತಳ್ಳಿ ಹಿಡಿದಿರುತ್ತದೆ. ರೋಲರ್ ಲೋಬ್‌ಗೆ ಇಳಿಜಾರು ಇಲ್ಲ, ಕ್ಯಾಮ್ ಮುಂದಕ್ಕೆ ಜಾರುತ್ತದೆ, ಅದಕ್ಕೆ ಮುಂದೆ ಒಂದು ಬಟನ್, ಬಾಗದಂಥ ಗಟ್ಟಿ ಟೈಮಿಂಗ್ ಕವರ್ ಬೇಕು. ಕ್ಯಾಮ್ ಬಿಲೆಟ್ ಸ್ಟೀಲಿನದ್ದಾದರೆ ಡಿಸ್ಟ್ರಿಬ್ಯೂಟರ್‌ನ ಮಾಮೂಲಿ ಕಬ್ಬಿಣದ ಗೇರ್ ತಿಂದು ಹೋಗುತ್ತದೆ, ಕ್ಯಾಮ್ ಮಾಡಿದವರು ಹೇಳಿದ ಗೇರೇ ಹಾಕಬೇಕು. ಸ್ಪ್ರಿಂಗ್ ಗಟ್ಟಿ ಬೇಕು. ಎಲ್ಲ ಸೇರಿ ಸಾವಿರ ಡಾಲರ್ ಆರಾಮಾಗಿ ದಾಟುತ್ತದೆ. ಆದರೂ ಎಂಜಿನ್ ಬಿಚ್ಚಿರುವಾಗಲೇ ಮಾಡಿಬಿಡಿ ಅನ್ನೋದು ನನ್ನ ಮಾತು.

ಹುಬ್ಬಳ್ಳಿಬುಲೆಟ್

ನಾನು ವಿ8 ಮುಟ್ಟಿದವನಲ್ಲ, ಓದಿ ಖುಷಿಯಾಯ್ತು. ನಮ್ಮ ರಾಯಲ್ ಎನ್‌ಫೀಲ್ಡ್ ಬೈಕಿನ ಯುಸಿಇ (ಗೇರ್‌ಬಾಕ್ಸ್ ಒಂದೇ ಕವಚದಲ್ಲಿರುವ) ಎಂಜಿನ್‌ನಲ್ಲೂ ಹೈಡ್ರಾಲಿಕ್ ಟ್ಯಾಪೆಟ್ಟೇ ಇರೋದು. ಹಳೇ ಕಾಸ್ಟ್ ಐರನ್ ಬುಲೆಟ್‌ನಲ್ಲಿ ಟ್ಯಾಪೆಟ್ ಕವರ್ ತೆಗೆದು ಪುಶ್‌ರಾಡ್ ಹತ್ತಿರ ಸ್ಪ್ಯಾನರ್ ಹಾಕಿ ಸೆಟ್ ಮಾಡ್ತಿದ್ದರು. ಇದರಲ್ಲಿ ಅದೇನೂ ಇಲ್ಲ, ಆದರೂ ಜನ ಮೆಕ್ಯಾನಿಕ್ ಹತ್ತಿರ ಬಂದು ‘ಟ್ಯಾಪೆಟ್ ಟೈಟ್ ಮಾಡಿ’ ಅಂತ ಕೇಳ್ತಾರೆ. ಗಾಡಿ ಕೆಲವು ದಿನ ನಿಂತಿದ್ದರೆ ಬೆಳಿಗ್ಗೆ ಟಿಕ್ ಟಿಕ್ ಅಂತ ಸದ್ದು, ಆಮೇಲೆ ತಾನೇ ಹೋಗುತ್ತೆ. ಇದು ಕಾರಿನ ಎಂಜಿನ್‌ಗಳಲ್ಲೂ ಹೀಗೇನಾ ಸರ್? ಯಾವಾಗ ಹೆದರಬೇಕು?

ಲೇತ್‌ಮನೆ

ಹೀಗೇ. ಹೈಡ್ರಾಲಿಕ್ ಲಿಫ್ಟರ್ ಒಳಗೆ ಒಂದು ಪ್ಲಂಜರ್, ಅದರ ಕೆಳಗೆ ಸಣ್ಣ ಚೆಕ್ ವಾಲ್ವ್, ಅದಕ್ಕೂ ಕೆಳಗೆ ಎಣ್ಣೆ ತುಂಬಿದ ಕೋಣೆ. ವಾಲ್ವ್ ಮುಚ್ಚಿದ್ದಾಗ ಗ್ಯಾಲರಿಯಿಂದ ಎಣ್ಣೆ ಬಂದು ಕೋಣೆ ತುಂಬುತ್ತದೆ, ಎಲ್ಲೂ ಸಂದು ಉಳಿಯಲ್ಲ. ಕ್ಯಾಮ್ ಎತ್ತಿದಾಗ ಚೆಕ್ ವಾಲ್ವ್ ಮುಚ್ಚಿಕೊಂಡು ಎಣ್ಣೆ ಒಳಗೇ ಸಿಕ್ಕಿಬೀಳುತ್ತದೆ, ಲಿಫ್ಟರ್ ಗಟ್ಟಿ ಕಡ್ಡಿಯಾಗಿ ವರ್ತಿಸುತ್ತದೆ. ಎಂಜಿನ್ ನಿಂತಾಗ ಯಾವ ವಾಲ್ವ್ ತೆರೆದಿತ್ತೋ ಅದರ ಲಿಫ್ಟರ್ ಮೇಲೆ ಸ್ಪ್ರಿಂಗ್ ಭಾರ ಇದ್ದೇ ಇರುತ್ತದೆ, ಪ್ಲಂಜರ್ ಸಂದಿಯಿಂದ ಎಣ್ಣೆ ಮೆಲ್ಲಗೆ ಸೋರಿ ಹೋಗುತ್ತದೆ. ಬೆಳಿಗ್ಗೆ ಟಿಕ್ ಟಿಕ್ ಅನ್ನೋದು ಅದೇ.

ಹೆದರಬೇಕಾದ್ದು ಬಿಸಿಯಾದ ಮೇಲೂ ನಿಲ್ಲದ ಸದ್ದಿಗೆ. ಕಸ ಚೆಕ್ ವಾಲ್ವ್‌ನಲ್ಲಿ ಸಿಕ್ಕಿರಬಹುದು, ಲಿಫ್ಟರ್ ಸವೆದಿರಬಹುದು. ಈ ಶೆವಿ ತರಹದ ಫ್ಲ್ಯಾಟ್ ಕ್ಯಾಮ್‌ನಲ್ಲಿ ಇನ್ನೂ ಒಂದು ಲಕ್ಷಣ: ಒಂದೇ ವಾಲ್ವ್ ಮತ್ತೆ ಮತ್ತೆ ಸಡಿಲ ಆಗ್ತಿದ್ದರೆ, ನಟ್ ಬಿಗಿ ಮಾಡಿದರೂ ಸ್ವಲ್ಪ ದಿನಕ್ಕೆ ಸದ್ದು ವಾಪಸ್ ಬಂದರೆ, ಲೋಬ್ ಕರಗ್ತಾ ಇದೆ ಅಂತಲೇ ಅರ್ಥ. ಅಲ್ಲಿಗೆ ನಿಲ್ಲಿಸಿ ಬಿಚ್ಚಬೇಕು, ಇಲ್ಲದಿದ್ದರೆ ಆ ಕಬ್ಬಿಣದ ಪುಡಿ ಬೇರಿಂಗ್‌ಗಳನ್ನೂ ತಿನ್ನುತ್ತದೆ.

ಶೆವೆಲ್72

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ರೋಲರ್‌ಗೆ ಸ್ಪ್ರಿಂಗ್ ಗಟ್ಟಿ ಬೇಕು ಅಂದರೆ ಎಷ್ಟು ಗಟ್ಟಿ? ನನ್ನ ಹೆಡ್‌ಗಳಲ್ಲಿ ರಾಕರ್ ಸ್ಟಡ್‌ಗಳು ಸ್ಕ್ರೂ ಅಲ್ಲ, ಒತ್ತಿ ಕೂರಿಸಿದವು. ಇನ್ನೊಂದು, ಈ ಆ್ಯಂಟಿ ಪಂಪ್-ಅಪ್ ಲಿಫ್ಟರ್ ನನಗೆ ಬೇಕಾ? ರೋಡ್ಸ್ ಲಿಫ್ಟರ್ ಅಂತಲೂ ಒಂದು ಕೇಳಿದ್ದೇನೆ, ಐಡಲ್ ವ್ಯಾಕ್ಯೂಮ್ ಜಾಸ್ತಿ ಮಾಡುತ್ತೆ ಅಂತ.

ರಾತ್ರಿಪಾಳಿ

ಪಂಪ್-ಅಪ್ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಬಹಳ ಜನ ಲಿಫ್ಟರನ್ನೇ ದೂರುತ್ತಾರೆ. ನಿಜವಾದ ಕಳ್ಳ ಬೇರೆ.

ಆರ್‌ಪಿಎಂ ಏರಿದಾಗ ಸ್ಪ್ರಿಂಗ್‌ಗೆ ಬಲ ಸಾಲದಿದ್ದರೆ ವಾಲ್ವ್, ರಾಕರ್, ಪುಶ್‌ರಾಡ್ ಎಲ್ಲ ಲೋಬ್ ಬಿಟ್ಟು ಹಾರುತ್ತವೆ. ಆಗ ಒಂದು ಕ್ಷಣ ಸಂದು ಹುಟ್ಟುತ್ತದೆ. ಲಿಫ್ಟರ್ ಕೆಲಸವೇ ಸಂದು ತುಂಬೋದು, ಅದು ಪ್ರಾಮಾಣಿಕವಾಗಿ ಪ್ಲಂಜರ್ ಏರಿಸಿ ಎಣ್ಣೆ ತುಂಬಿಕೊಳ್ಳುತ್ತದೆ. ಮುಂದಿನ ಕ್ಷಣ ವಾಲ್ವ್ ವಾಪಸ್ ಬಂದಾಗ ಪೂರ್ತಿ ಮುಚ್ಚಲು ಜಾಗ ಇರಲ್ಲ. ಎಂಜಿನ್ ಮುಕ್ಕರಿಸುತ್ತದೆ, ಕಾಲು ತೆಗೆದ ಮೇಲೆ ಸರಿ ಹೋಗುತ್ತದೆ. ಆ್ಯಂಟಿ ಪಂಪ್-ಅಪ್ ಲಿಫ್ಟರ್‌ನಲ್ಲಿ ಮೇಲಿನ ಕ್ಲಿಪ್ ಗಟ್ಟಿ ಇರುತ್ತದೆ, ಪ್ಲಂಜರ್ ಹೆಚ್ಚು ಏರೋಕೆ ಬಿಡಲ್ಲ. ಅದರ ಪೂರ್ತಿ ಲಾಭ ಸಿಗಬೇಕಾದರೆ ಪ್ರಿಲೋಡ್, ಅಂದರೆ ಸಂದು ಮುಗಿದ ಮೇಲೆ ಪ್ಲಂಜರನ್ನು ಒಳಕ್ಕೆ ಒತ್ತಿಡುವ ಅಳತೆ, ಒಂದೆರಡು ಥೌ ಮಾತ್ರ ಇಟ್ಟು ಸೆಟ್ ಮಾಡಬೇಕು. ಅಷ್ಟು ಕಮ್ಮಿ ಇಟ್ಟರೆ ಸಣ್ಣ ಸವೆತಕ್ಕೂ ಸದ್ದು ಬರುತ್ತದೆ, ಪದೇ ಪದೇ ಕವರ್ ತೆಗೆದು ನೋಡ್ತಾ ಇರಬೇಕು. 6500ರ ಹತ್ತಿರ ತಿರುಗಿಸೋರಿಗೆ ಅದು ಸರಿ. ನಿಮಗೆ 5500 ಸಾಕು ಅಂದಿದ್ದೀರಿ. ಆ ದುಡ್ಡು ಸ್ಪ್ರಿಂಗ್‌ಗೆ ಹಾಕಿ, ಪಂಪ್-ಅಪ್ ಬೇರು ಸಮೇತ ಹೋಗುತ್ತದೆ.

ಸ್ಪ್ರಿಂಗ್ ಲೆಕ್ಕ ಹೇಳ್ತೀನಿ. ಹಳೇ ಕಂಪನಿ ಸ್ಪ್ರಿಂಗ್ ಹೊಸದಿದ್ದಾಗಲೇ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ 80 ಪೌಂಡ್ ಆಸುಪಾಸು, ಈಗ ಇನ್ನೂ ಕಮ್ಮಿ ಇರುತ್ತದೆ. ನಿಮ್ಮ ಫ್ಲ್ಯಾಟ್ ಕ್ಯಾಮ್‌ಗೆ ಮುಚ್ಚಿದಾಗ 105ರಿಂದ 115, ಪೂರ್ತಿ ತೆರೆದಾಗ 280 ತನಕ ಸಾಕು. ಡ್ಯಾಂಪರ್ ಇರೋ 1.25 ಇಂಚಿನ ಸಿಂಗಲ್ ಸ್ಪ್ರಿಂಗ್ ನಿಮ್ಮ ಹೆಡ್‌ನಲ್ಲಿ ಕೊರೆಸದೆ ಕೂರುತ್ತದೆ. ರೋಲರ್ ಲಿಫ್ಟರ್ ತೂಕ ಜಾಸ್ತಿ, ಲೋಬ್ ಕಡಿದಾಗಿರುತ್ತದೆ, ಅದಕ್ಕೆ ಮುಚ್ಚಿದಾಗ 130 ಮೇಲೆ, ತೆರೆದಾಗ 320 ಮೇಲೆ ಬೇಕಾಗುತ್ತದೆ. ಒತ್ತಿ ಕೂರಿಸಿದ ಸ್ಟಡ್ ಅಷ್ಟು ಭಾರಕ್ಕೆ ಮೆಲ್ಲಗೆ ಮೇಲೆ ಕಿತ್ತು ಬರುತ್ತದೆ. ಸ್ಕ್ರೂ ಸ್ಟಡ್ ಹಾಕಿಸಬೇಕು, ಸ್ಪ್ರಿಂಗ್ ಸೀಟ್ ಕೊರೆಸಬೇಕು, ಅಂದರೆ ಹೆಡ್ ಮತ್ತೆ ಮಷೀನ್ ಶಾಪ್‌ಗೆ. ಟೆಕ್ಸಸ್ ಸರ್ ಹೇಳಿದ ಸಾವಿರ ಡಾಲರ್ ಮೇಲೆ ಇದೂ ಸೇರಿಕೊಳ್ಳುತ್ತದೆ.

0.454ಕ್ಕೂ ಒಂದು ಅಳತೆ ಬಿಡಬೇಡಿ. ವಾಲ್ವ್ ಪೂರ್ತಿ ಇಳಿದಾಗ ಸ್ಪ್ರಿಂಗ್ ಹಿಡಿಯುವ ರಿಟೇನರ್‌ನ ತಳ ವಾಲ್ವ್ ಗೈಡ್ ಸೀಲ್‌ಗೆ ತಾಗಬಾರದು, 50 ಥೌ ಆದರೂ ಬಿಡುವು ಇರಬೇಕು. ಹಳೇ ಹೆಡ್‌ಗಳಲ್ಲಿ ಇದೇ ಮೊದಲು ತಾಗೋದು.

ರೋಡ್ಸ್ ಲಿಫ್ಟರ್ ಒಳ್ಳೇ ಯೋಚನೆ, ಆದರೆ ಬೇರೆಯವರಿಗೆ. ಅದರಲ್ಲಿ ಬೇಕಂತಲೇ ಎಣ್ಣೆ ಬೇಗ ಸೋರೋ ಹಾಗೆ ಮಾಡಿರುತ್ತಾರೆ. ಐಡಲ್‌ನಲ್ಲಿ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಆರ್‌ಪಿಎಂ ಏರಿದರೆ ಸೋರೋಕೆ ಸಮಯ ಸಿಗದೆ ಪೂರ್ತಿ ಕ್ಯಾಮ್ ಕೆಲಸ ಮಾಡುತ್ತದೆ. ತುಂಬಾ ದೊಡ್ಡ ಕ್ಯಾಮ್ ಹಾಕಿ ಬ್ರೇಕ್‌ಗೆ ವ್ಯಾಕ್ಯೂಮ್ ಸಾಲದವರಿಗೆ ಅದು ಆಸರೆ. ಸದ್ದು ಮಾತ್ರ ಯಾವಾಗಲೂ ಇರುತ್ತದೆ, ಸಾಲಿಡ್ ಲಿಫ್ಟರ್ ಹಾಗೇ ಕಟಕಟ. 218 ಡಿಗ್ರಿಗೆ ನಿಮ್ಮ ಬ್ರೇಕ್ ಸರಿಯಾಗೇ ಕೆಲಸ ಮಾಡುತ್ತದೆ, ಬೇಡ.

ಟೆಕ್ಸಸ್‌ಗಾಡಿ

ಒತ್ತಿದ ಸ್ಟಡ್ ಅಂತ ಮೊದಲೇ ಗೊತ್ತಿದ್ದರೆ ನಾನೂ ಇಷ್ಟು ಒತ್ತಾಯ ಮಾಡ್ತಿರಲಿಲ್ಲ. ಈ ಹೆಡ್ ಉಳಿಸಿಕೊಳ್ಳುವ ತನಕ ಫ್ಲ್ಯಾಟ್ ಸರಿ. ಮುಂದೆ ಯಾವತ್ತಾದರೂ ಅಲ್ಯೂಮಿನಿಯಂ ಹೆಡ್ ತಗೊಂಡರೆ ಅವತ್ತು ರೋಲರ್ ಮಾಡಿ, ಒಂದೇ ಖರ್ಚಲ್ಲಿ ಎರಡೂ ಆಗುತ್ತೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಬ್ಲಾಕ್ ಇದೇ ಬೇಕು ಅಂತೇನಿಲ್ಲ ಅಂದರೆ 1996ರಿಂದ ಬಂದ ವೋರ್ಟೆಕ್ 350 ಹುಡುಕಿ, ಆ ಕಾಲದ ಶೆವಿ ಪಿಕಪ್, ಟಾಹೊ, ಸಬರ್ಬನ್‌ಗಳಲ್ಲಿ ಸಿಗುತ್ತದೆ. ಕಂಪನಿ ರೋಲರ್ ಲಿಫ್ಟರ್ ಒಳಗೇ ಬರುತ್ತದೆ. ಇನ್‌ಟೇಕ್‌ನ ಬೋಲ್ಟ್ ಜಾಗ ಬೇರೆ, ಹಿಂದಿನ ಸೀಲ್ ಒಂದೇ ತುಂಡಿನದ್ದು ಆದ್ದರಿಂದ ಕ್ರ್ಯಾಂಕ್ ಹಿಂದೆ ಕೂರುವ ಫ್ಲೆಕ್ಸ್ ಪ್ಲೇಟ್ ಕೂಡ ಬೇರೆ. ಕೊಳ್ಳುವ ಮೊದಲು ಇವೆರಡನ್ನೂ ಲೆಕ್ಕಕ್ಕೆ ತಗೊಳ್ಳಿ.

ಶೆವೆಲ್72

ಸರಿ, ಹಾಗಾದರೆ ತೀರ್ಮಾನ ಆಯ್ತು. ಮಾಮೂಲಿ ಹೈಡ್ರಾಲಿಕ್ ಫ್ಲ್ಯಾಟ್, ಕ್ಯಾಮ್ ಮಾಡಿದವರ ಸೆಟ್ಟೇ. ಹೊಸ ಸ್ಪ್ರಿಂಗ್, 110 ಪೌಂಡಿನದ್ದು. ರಿಟೇನರ್ ಬಿಡುವು ಈ ವಾರಾಂತ್ಯ ಅಳೆಯುತ್ತೇನೆ.

ಕೊನೆಯದಾಗಿ ಪ್ರಿಲೋಡ್ ಎಷ್ಟು ಇಡಲಿ? ಶೆವರ್ಲೆ ಪುಸ್ತಕದಲ್ಲಿ ಒಂದು ಪೂರ್ತಿ ಸುತ್ತು ಅಂತಿದೆ. ಮತ್ತೆ ಲಿಫ್ಟರ್‌ಗಳನ್ನು ಮೊದಲೇ ಎಣ್ಣೆಯಲ್ಲಿ ಮುಳುಗಿಸಿ ಪಂಪ್ ಮಾಡಿ ತುಂಬಿಸಿಡಬೇಕಾ?

ಲೇತ್‌ಮನೆ

ಪಂಪ್ ಮಾಡಬೇಡಿ. ತುಂಬಿದ ಲಿಫ್ಟರ್ ಪ್ಲಂಜರ್ ಒತ್ತಿದರೆ ಇಳಿಯಲ್ಲ, ನಟ್ ಬಿಗಿ ಮಾಡಿದಾಗ ಪ್ಲಂಜರ್ ಬದಲು ವಾಲ್ವೇ ತೆರೆದುಕೊಳ್ಳುತ್ತದೆ, ಸರಿಯಾದ ಅಂದಾಜು ಸಿಗಲ್ಲ. ಹೊರಗೆ ಎಣ್ಣೆ ಸವರಿ, ತಳಕ್ಕೆ ಪೇಸ್ಟ್ ಹಚ್ಚಿ ಕೂರಿಸಿ. ಡ್ರಿಲ್‌ನಿಂದ ಪಂಪ್ ತಿರುಗಿಸಿದಾಗ ತಾವೇ ತುಂಬಿಕೊಳ್ಳುತ್ತವೆ. ಹಾಗಾಗಿ ವಾಲ್ವ್ ಸೆಟ್ ಮಾಡೋದು ಮೊದಲು, ಡ್ರಿಲ್ ಆಮೇಲೆ.

ಸೆಟ್ ಮಾಡುವ ಕ್ರಮ: ಒಂದು ಸಿಲಿಂಡರ್ ತಗೊಳ್ಳಿ. ಕ್ರ್ಯಾಂಕ್ ಕೈಯಲ್ಲಿ ತಿರುಗಿಸ್ತಾ ಎಕ್ಸಾಸ್ಟ್ ವಾಲ್ವ್ ಆಗಷ್ಟೇ ತೆರೆಯೋಕೆ ಶುರುವಾದಾಗ ಇನ್‌ಟೇಕ್ ಸೆಟ್ ಮಾಡಿ. ಮತ್ತೆ ತಿರುಗಿಸಿ, ಇನ್‌ಟೇಕ್ ಪೂರ್ತಿ ತೆರೆದು ಮುಚ್ಚುವ ಹಾದಿಯಲ್ಲಿದ್ದಾಗ ಎಕ್ಸಾಸ್ಟ್ ಸೆಟ್ ಮಾಡಿ. ಹೀಗೆ ಎಂಟಕ್ಕೂ. ಸೊನ್ನೆ ಸಂದು ಎಲ್ಲಿ ಅಂತ ಗೊತ್ತಾಗಬೇಕಾದರೆ ಪುಶ್‌ರಾಡ್ ಬೆರಳಲ್ಲಿ ತಿರುಗಿಸಿ ನೋಡಬೇಡಿ, ಖಾಲಿ ಲಿಫ್ಟರ್‌ನ ಸ್ಪ್ರಿಂಗ್ ಮೆತ್ತಗಿದ್ದು ಮೋಸ ಮಾಡುತ್ತದೆ. ಮೇಲೆ ಕೆಳಗೆ ಅಲ್ಲಾಡಿಸ್ತಾ ನಟ್ ಬಿಗಿ ಮಾಡಿ, ಅಲುಗಾಟ ನಿಂತ ಜಾಗವೇ ಸೊನ್ನೆ. ಅಲ್ಲಿಂದ ಅರ್ಧ ಸುತ್ತು ಸಾಕು.

ಅರ್ಧ ಯಾಕೆ ಅಂದರೆ ಲೆಕ್ಕ ಹೀಗಿದೆ. 3/8 ಸ್ಟಡ್‌ನಲ್ಲಿ ಇಂಚಿಗೆ 24 ಎಳೆ. ಅರ್ಧ ಸುತ್ತಿಗೆ ರಾಕರ್ ನಡುಭಾಗ 21 ಥೌ ಇಳಿಯುತ್ತದೆ, 1.5 ರಾಕರ್‌ನಲ್ಲಿ ಪುಶ್‌ರಾಡ್ ತುದಿಗೆ ಅದು ಸುಮಾರು 35 ಥೌ ಆಗುತ್ತದೆ. ಪುಸ್ತಕದ ಒಂದು ಸುತ್ತಿಗೆ 70 ಥೌ. ಅದೂ ತಪ್ಪಲ್ಲ, ವರ್ಷಗಟ್ಟಲೆ ಕವರ್ ತೆಗೆಯದೇ ಓಡಬೇಕಾದ ಗಾಡಿಗೆ ಕಂಪನಿ ಬರೆದದ್ದು. ಪಂಪ್-ಅಪ್ ಆದರೆ ಪ್ಲಂಜರ್ ಏರಬಹುದಾದ ಎತ್ತರ ಅರ್ಧ ಸುತ್ತಿನಲ್ಲಿ ಕಮ್ಮಿ, ಸವೆತಕ್ಕೂ ಜಾಗ ಉಳಿದಿರುತ್ತದೆ. ನಿಮ್ಮ ಬಳಕೆಗೆ ಇದು ಸರಿ.

ಇನ್‌ಟೇಕ್ ಮುಚ್ಚುವ ಮೊದಲು ಇನ್ನೊಂದು ಕೆಲಸ. ಪ್ರತಿ ಪುಶ್‌ರಾಡ್ ಮೇಲೆ ಮಾರ್ಕರ್‌ನಿಂದ ಒಂದು ಗೀಟು ಎಳೆಯಿರಿ. ಯಾರಿಗಾದರೂ ಕ್ರ್ಯಾಂಕ್ ತಿರುಗಿಸೋಕೆ ಹೇಳಿ, ನೀವು ಬಗ್ಗಿ ಗೀಟುಗಳನ್ನೇ ನೋಡ್ತಾ ಇರಿ. ಲಿಫ್ಟರ್ ತಿರುಗಿದರೆ ಪುಶ್‌ರಾಡ್ ತಿರುಗುತ್ತದೆ, ಗೀಟು ಜಾಗ ಬದಲಿಸುತ್ತದೆ. ಹದಿನಾರರಲ್ಲಿ ಒಂದು ಗೀಟು ಅಲ್ಲೇ ನಿಂತಿದ್ದರೂ ಆ ಲಿಫ್ಟರ್ ತೆಗೆದು ಬೋರ್, ತಳ ಎರಡೂ ನೋಡಿ. ಸ್ಟಾರ್ಟ್ ಮಾಡಬೇಡಿ.

ಬ್ರೇಕ್-ಇನ್ ಎಣ್ಣೆ ಅಂತಲೇ ಸಿಗುತ್ತದೆ, ಜಿಂಕ್ ಜಾಸ್ತಿ ಇರೋದು, ಮೊದಲು ಅದು. ಅರ್ಧ ಗಂಟೆ ಓಟ ಮುಗಿದು ಎಂಜಿನ್ ತಣ್ಣಗಾದ ಮೇಲೆ ಎಣ್ಣೆ, ಫಿಲ್ಟರ್ ಎರಡೂ ತೆಗೆಯಿರಿ. ಆಮೇಲೆ ಹಳೇ ಕಾರ್‌ಗಳಿಗೆ ಅಂತ ಬರುವ, ಜಿಂಕ್ ಪ್ರಮಾಣ ಬರೆದಿರುವ ಎಣ್ಣೆಯನ್ನೇ ಹಾಕ್ತಾ ಇರಿ. ತೆಗೆದ ಫಿಲ್ಟರ್ ಎಸೆಯಬೇಡಿ. ಕತ್ತರಿಸಿ ಒಳಗಿನ ಕಾಗದ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ, ಅಯಸ್ಕಾಂತ ಆಡಿಸಿ. ಬೂದು ಪೇಸ್ಟ್ ಸ್ವಲ್ಪ ಇರೋದು ಸಹಜ, ಮಿಂಚುವ ಚೂರು ಕಂಡರೆ ಬೇರೆ ಮಾತು. ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.